ಕೂಲಿ ದುಡ್ಡು ಒಲೆ ಮುಟ್ಟುವ ದಾರಿ

ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಮನೆಯ ಊಟದ ಸ್ಥಿತಿ ನೋಡಲು ಹೋದವರು ಮೊದಲು ಕೇಳುವುದು ಹೆಣ್ಣುಮಕ್ಕಳು ವರ್ಷಕ್ಕೆ ಎಷ್ಟು ದುಡಿಯುತ್ತಾರೆ ಎಂದು. ಒಟ್ಟು ಮೊತ್ತದಿಂದ ತಿಳಿಯುವುದು ಕಡಿಮೆ. ದುಡ್ಡು ಯಾವಾಗ ಬಂತು, ಯಾರ ಕೈಗೆ ಬಂತು, ಇಡಿಯಾಗಿ ಬಂತೋ ಚಿಲ್ಲರೆಯಾಗಿ ಬಂತೋ ಎಂಬುದನ್ನು ಕೇಳಬೇಕು.

ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಸಂತೆಯ ಹಿಂದಿನ ದಿನ ಬಟವಾಡೆಯಾದರೆ ಬೇಳೆ, ತತ್ತಿ, ಕಾಯಿಪಲ್ಯ ಮನೆಗೆ ಬರುತ್ತವೆ. ಸಂತೆ ಮುಗಿದ ಮೇಲೆ ಬಂದರೆ ಫೈನಾನ್ಸ್‌ನವರ ವಾರದ ಕಂತಿಗೆ ಸರಿಹೋಗುತ್ತದೆ. ಭತ್ತದ ನಾಟಿ ಎಕರೆ ಗುತ್ತಿಗೆ. ಮುಂಗಡ ತಿಂದಿದ್ದರೆ ಕೊನೆಗೆ ಕೈಗೆ ಬರುವುದು ಅಷ್ಟಕ್ಕಷ್ಟೆ. ಗೃಹಲಕ್ಷ್ಮಿಯ 2000 ರೂಪಾಯಿ ತಿಂಗಳಿಗೊಮ್ಮೆ ಬಂದಾಗ ಎಣ್ಣೆ, ಬೇಳೆಗೆ ಒದಗುತ್ತದೆ. ಎರಡು ಮೂರು ತಿಂಗಳದ್ದು ಕೂಡಿ ಬಂದರೆ ಬೀಜ, ಗೊಬ್ಬರದ ಪಾಲಾಗುವುದು ಸಾಮಾನ್ಯ. ತಪ್ಪೇನಲ್ಲ, ಆದರೆ ಅದನ್ನು ಊಟದ ಖಾತೆಗೆ ಬರೆದುಕೊಳ್ಳಬಾರದು.

ಲೆಕ್ಕಕ್ಕೇ ಸಿಗದ ಗಳಿಕೆ ಇನ್ನೊಂದಿದೆ. ಕಳೆ ತೆಗೆಯಲು ಹೋದವರು ಸಂಜೆ ಉಡಿಯಲ್ಲಿ ಹಕ್ಕರಕಿ, ರಾಜಗಿರಿ, ಬೆಳೆಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಪುಂಡಿಪಲ್ಯ ತರುತ್ತಾರೆ. ಕಳೆನಾಶಕ ಹೊಡೆದ ಹೊಲದಲ್ಲಿ ಕೂಲಿಯೂ ಇಲ್ಲ, ಪಲ್ಯವೂ ಇಲ್ಲ. ಭತ್ತ ಕೊಯ್ಯುವ ಮಷಿನ್ ಬಂದ ಮೇಲೆ ಕಾಳಿನ ರೂಪದ ಕೂಲಿಯೂ ಹೋಯಿತು. ಕಾಳಿನ ಕೂಲಿಯನ್ನು ಸಾಲಗಾರ ಕೇಳುವುದು ಅಪರೂಪ, ಅದು ನೇರ ಗಡಿಗೆಗೆ ಬೀಳುತ್ತಿತ್ತು.

ಊಟ ಅಳೆಯಲು ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆಯ ಹೆಣ್ಣುಮಗಳು ತಿಂದದ್ದನ್ನು ಕೇಳಿ. "ದಿನಾ ಏನು ಉಣ್ಣುತ್ತೀರವ್ವ?" ಅಂದರೆ ಹಬ್ಬದ ಊಟವೂ ಸೇರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆಯಲ್ಲಿ ಹತ್ತು ಆಹಾರ ಗುಂಪುಗಳಿವೆ; 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳ ಊಟದಲ್ಲಿ ಐದಾದರೂ ಇರಬೇಕು. ರೊಟ್ಟಿ, ಅನ್ನ, ನುಚ್ಚು ಎಲ್ಲ ಸೇರಿ ಒಂದೇ ಗುಂಪು. ಕಡಲೆಹಿಟ್ಟಿನ ಝುಣಕ ಬೇಳೆಕಾಳಿನ ಗುಂಪಿಗೆ, ಪುಂಡಿಪಲ್ಯ ಸೊಪ್ಪಿನ ಗುಂಪಿಗೆ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, 15 ಗ್ರಾಂ ಆದರೂ ಇದ್ದರಷ್ಟೇ ಲೆಕ್ಕ. ರೊಟ್ಟಿ ಅಂಚಿಗೆ ಚಿಟಿಕೆ ಹಚ್ಚಿಕೊಂಡಿದ್ದನ್ನು ಸೇರಿಸಬೇಡಿ. ಇಲ್ಲಿ ಎಡವುವವರೇ ಹೆಚ್ಚು. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಆಕೆಯ ತಾಟಿಗೆ ಪಲ್ಯ ಉಳಿದಿತ್ತೇ ಎಂದೂ ಕೇಳಿ.

ಮೆಣಸಿನಕಾಯಿ ಬಿಡಿಸುವುದು ಮುಗಿದ ಮೇಲೆ, ಏಪ್ರಿಲ್‌ನಿಂದ ಮುಂಗಾರು ನಾಟಿಯವರೆಗೆ ಹೊಲದ ಕೂಲಿ ತೀರ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷ ಈ ಕೊರತೆ ಜನವರಿಯಿಂದಲೇ ಶುರು. ಸ್ವಸಹಾಯ ಸಂಘದ ಸಾಲದಲ್ಲಿ ಈ ತಿಂಗಳುಗಳಿಗೆ ಬೇಕಾದ ಜೋಳವನ್ನು ಸುಗ್ಗಿಯಲ್ಲೇ ಕೊಂಡಿಡುವುದು ನನ್ನ ಮಟ್ಟಿಗೆ ಒಳ್ಳೆಯ ಬಳಕೆ. ಐದು ಜನರ ಮನೆಯಲ್ಲಿ ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ರೇಷನ್ ಅಕ್ಕಿ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು ಒಂದು ಕಿಲೋ ಜೋಳ. ಐದು ತಿಂಗಳಿಗೆ ಒಂದೂವರೆ ಕ್ವಿಂಟಲ್. ತೊಗರಿಬೇಳೆ ದಿನಕ್ಕೆ 200 ಗ್ರಾಂನಂತೆ 30 ಕಿಲೋ.

ಜೋಳ ಕಡಿದರೆ ಕಟ್ಟೆನ್ನುವಷ್ಟು ಒಣಗಿರಲಿ. ಬಿಸಿಲಿಂದ ತಂದವರು ಬಿಸಿಬಿಸಿಯಾಗಿಯೇ ಚೀಲಕ್ಕೆ ತುಂಬಿದರೆ ಒಳಗೆ ಬೆವೆತು ಬೂಜು ಹಿಡಿಯುತ್ತದೆ; ರಾತ್ರಿ ಆರಲು ಬಿಟ್ಟು ತುಂಬಿ. ಹಳೆ ಗೋಣಿಚೀಲವನ್ನು ಕುದಿಯುವ ನೀರಲ್ಲಿ ಅದ್ದಿ ಒಣಗಿಸದಿದ್ದರೆ ಹೋದ ವರ್ಷದ ನುಸಿ ಹೊಸ ಕಾಳಿಗೆ ಹತ್ತುತ್ತದೆ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಯಿಂದ ಒಂದಡಿ ದೂರ.