ಮಿನಿಡಂಪ್: ಬ್ಲೂ ಸ್ಕ್ರೀನ್ ಬಂದಾಗ ವಿಂಡೋಸ್ ಬರೆದಿಡುವ ಫೈಲ್

ವಿಂಡೋಸ್ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದಲ್ಲ, ಆಗ ಅದು ಡಿಸ್ಕ್‌ನಲ್ಲಿ ಒಂದು ಪುಟ್ಟ ಫೈಲ್ ಬರೆದಿಟ್ಟಿರುತ್ತದೆ. ಅದೇ ಮಿನಿಡಂಪ್. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತಲೇ ಒಂದು ಫೋಲ್ಡರ್ ಇದೆ, ಫೈಲ್‌ಗಳು ಅಲ್ಲಿರುತ್ತವೆ. ಹೆಸರು ನೋಡಿದರೇ ಯಾವತ್ತಿನದು ಅಂತ ಗೊತ್ತಾಗುತ್ತದೆ. 071924 ಅಂತ ಶುರುವಾದರೆ ಅದು 2024ರ ಜುಲೈ 19ರದ್ದು. ಅಮೆರಿಕದವರ ರೂಢಿ, ತಿಂಗಳು ಮೊದಲು.

ಈ ಫೈಲ್ ಯಾಕೆ ಬೇಕು ಅಂತ ತಿಳಿಯಬೇಕಾದರೆ ನೀಲಿ ಪರದೆ ಯಾಕೆ ಬರುತ್ತದೆ ಅನ್ನೋದು ಮೊದಲು ಗೊತ್ತಿರಬೇಕು. ನಾವು ಬಳಸುವ ಬ್ರೌಸರ್, ವರ್ಡ್, ನುಡಿ, ಬರಹ ಇವೆಲ್ಲ ಓಡುವುದು ಯೂಸರ್ ಮೋಡ್‌ನಲ್ಲಿ. ಇವುಗಳಲ್ಲಿ ಒಂದು ಕೆಟ್ಟರೆ ಅದೊಂದು ಮುಚ್ಚಿಕೊಳ್ಳುತ್ತದೆ, ಮಿಕ್ಕದ್ದು ನಡೆಯುತ್ತಿರುತ್ತದೆ. ವಿಂಡೋಸಿನ ತಿರುಳು ಮತ್ತು ಹೆಚ್ಚಿನ ಡ್ರೈವರ್‌ಗಳು (ಗ್ರಾಫಿಕ್ಸ್, ವೈಫೈ ಥರದ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್) ಓಡುವುದು ಕರ್ನಲ್ ಮೋಡ್‌ನಲ್ಲಿ. ಅಲ್ಲಿ ಯಾರಿಗೂ ತಡೆ ಇಲ್ಲ, ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೈ ಹಾಕಬಹುದು. ಅಂಥ ಕಡೆ ಆಗಬಾರದ್ದು ಏನಾದರೂ ಆದರೆ, ಇನ್ನೂ ಏನೇನು ಹಾಳಾಗಿದೆಯೋ ಹೇಳಲು ಬರುವುದಿಲ್ಲ. ಹಾಗೇ ಮುಂದುವರಿದರೆ ನಿಮ್ಮ ಡಿಸ್ಕ್ ಮೇಲೂ ಕಸ ಬರೆದುಬಿಡಬಹುದು. ಅದಕ್ಕೇ ವಿಂಡೋಸ್ ತಾನಾಗಿಯೇ ನಿಂತುಬಿಡುತ್ತದೆ. ಇದಕ್ಕೆ ಮೈಕ್ರೋಸಾಫ್ಟ್‌ನವರು ಬಗ್ ಚೆಕ್ ಅನ್ನುತ್ತಾರೆ. ಪರದೆಯ ಮೇಲೆ ಬರುವ ಸ್ಟಾಪ್ ಕೋಡ್, ಯಾವ ಕಾರಣಕ್ಕೆ ನಿಲ್ಲಿಸಬೇಕಾಯಿತು ಅನ್ನುವುದರ ಗುರುತು. ವಿಂಡೋಸ್ 11ರಲ್ಲಿ 2025ರಿಂದ ಈ ಪರದೆ ಕಪ್ಪಾಗಿದೆ. 2012ರಿಂದ ಇದ್ದ ಸಪ್ಪೆ ಮುಖದ ಚಿತ್ರವನ್ನೂ ತೆಗೆದಿದ್ದಾರೆ. ಒಳಗಿನ ಕೆಲಸ ಮಾತ್ರ ಅದೇ.

2024ರ ಜುಲೈ 19 ಅಂದೆನಲ್ಲ, ಆ ದಿನ ಜಗತ್ತಿನ ತುಂಬಾ ನೀಲಿ ಪರದೆಯೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಫೈಲ್ ಸರಿ ಇರಲಿಲ್ಲ. ಅದನ್ನು ಓದಲು ಹೋದ ಅವರದೇ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಬಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸ ಕೆಟ್ಟಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆವತ್ತು ಡಂಪ್ ಓದುವವರಿಗೆ ಕೆಲಸ ಸುಲಭವಾಗಿತ್ತು. ಎಲ್ಲ ಯಂತ್ರದಲ್ಲೂ ಅದೇ ಡ್ರೈವರ್, ಅದೇ ಜಾಗ.

ನಮ್ಮ ನಿಮ್ಮ ಮನೆಯ ಕಂಪ್ಯೂಟರ್ ಅಷ್ಟು ನಿಯತ್ತಾಗಿ ಕೆಡುವುದಿಲ್ಲ. ಯಾವಾಗಂದ್ರೆ ಆವಾಗ ಬೀಳುತ್ತದೆ. ಒಮ್ಮೆ ಯೂಟ್ಯೂಬ್ ನೋಡುವಾಗ, ಇನ್ನೊಮ್ಮೆ ಸುಮ್ನೆ ಬಿಟ್ಟಿದ್ದಾಗ. ಇಡೀ ವಾರ ಏನೂ ಆಗದೆ, ಆಮೇಲೆ ಒಂದೇ ದಿನ ಎರಡು ಸಲ. ಇಂಥ ಹೊತ್ತಿನಲ್ಲೇ ಮಿನಿಡಂಪ್ ಉಪಯೋಗಕ್ಕೆ ಬರುವುದು, ಮತ್ತು ಜನ ಜಾಸ್ತಿ ತಪ್ಪು ಓದುವುದೂ ಇಲ್ಲೇ.

ಮಿನಿಡಂಪ್ ಅಂದರೆ ಪೊಲೀಸರು ಸ್ಥಳದಲ್ಲೇ ಬರೆಯುವ ಮಹಜರು ಇದ್ದ ಹಾಗೆ. ಆ ಗಳಿಗೆಯಲ್ಲಿ ಯಾವ ಪ್ರೋಗ್ರಾಂ ಓಡುತ್ತಿತ್ತು, ಯಾವ ಡ್ರೈವರ್‌ಗಳು ಲೋಡ್ ಆಗಿದ್ದವು, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು, ಸ್ಟಾಪ್ ಕೋಡ್ ಏನು, ಇಷ್ಟನ್ನು ಬರೆದಿಡುತ್ತದೆ. ತೀರ್ಪು ಕೊಡುವುದಿಲ್ಲ. ಒಂದು ಕೆಟ್ಟ ಡ್ರೈವರ್ ಬೇರೆಯವರ ಮೆಮೊರಿಯ ಮೇಲೆ ಏನೋ ಗೀಚಿ ಸುಮ್ಮನಾಗಿಬಿಡಬಹುದು. ಸ್ವಲ್ಪ ಹೊತ್ತಿನ ಮೇಲೆ ಆ ಜಾಗವನ್ನು ನಂಬಿಕೊಂಡಿದ್ದ ಪಾಪದ ಡ್ರೈವರ್ ಬಂದು ಎಡವುತ್ತದೆ. ಡಂಪ್‌ನಲ್ಲಿ ಹೆಸರು ಬರುವುದು ಎಡವಿದವನದು. ರ‍್ಯಾಮ್ ಕೆಟ್ಟಿದ್ದರಂತೂ ಕೇಳಲೇಬೇಡಿ. ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಸಾಕು, ಆವತ್ತು ಆ ಜಾಗದಲ್ಲಿ ಯಾರಿದ್ದರೋ ಅವರ ತಲೆಗೆ ಬರುತ್ತದೆ.

ಹಾಗಾಗಿ ಒಂದು ಡಂಪ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ನಾಲ್ಕೈದು ಸೇರಲಿ, ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಒಂದೇ ಡ್ರೈವರ್, ಒಂದೇ ಸ್ಟಾಪ್ ಕೋಡ್ ಬಂದರೆ ಆ ಡ್ರೈವರ್ ಅಥವಾ ಅದು ನಡೆಸುವ ಸಾಧನದ ಮೇಲೆ ಅನುಮಾನ ಪಡಬಹುದು. ಒಂದು ಸಲ ವೈಫೈ, ಒಂದು ಸಲ ಗ್ರಾಫಿಕ್ಸ್, ಮತ್ತೊಂದು ಸಲ ಫೈಲ್ ಸಿಸ್ಟಂ, ಕೋಡ್ ಕೂಡ ಬೇರೆ ಬೇರೆ, ಹೀಗಿದ್ದರೆ ಹಾರ್ಡ್‌ವೇರ್ ಕಡೆ ತಿರುಗಿ. ಮೊದಲು ರ‍್ಯಾಮ್, ಆಮೇಲೆ ಪ್ರೊಸೆಸರ್, ಪವರ್ ಸಪ್ಲೈ. ಯಾವಾಗಂದ್ರೆ ಆವಾಗ ಬರುವ ಬ್ಲೂ ಸ್ಕ್ರೀನ್‌ಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ನನಗೆ ಗೊತ್ತಿಲ್ಲ: ಕತೆ ಪ್ರತಿ ಸಲ ಒಂದೇನಾ, ಬದಲಾಗುತ್ತಾ?

ಡಂಪ್ ಓದುವುದು ದೊಡ್ಡ ವಿದ್ಯೆಯೇನಲ್ಲ. ನಿರ್‌ಸಾಫ್ಟ್‌ನವರ ಬ್ಲೂಸ್ಕ್ರೀನ್‌ವ್ಯೂ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದು ಎಲ್ಲ ಡಂಪ್‌ಗಳನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ, ಹೋಲಿಸಿ ನೋಡಲು ಅಷ್ಟು ಸಾಕು. ಇನ್ನೂ ಒಳಗೆ ಹೋಗಬೇಕು ಅಂದರೆ ಮೈಕ್ರೋಸಾಫ್ಟ್‌ನದೇ ವಿನ್‌ಡಿಬಿಜಿ ಬೇಕು. ಅದೂ ಉಚಿತ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಸಿಗುತ್ತದೆ. ಡಂಪ್ ಫೈಲನ್ನು ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್ ಫೋಲ್ಡರ್‌ನಿಂದ ನೇರ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನಬಹುದು. ವಿನ್‌ಡಿಬಿಜಿಯಲ್ಲಿ ತೆರೆದರೆ ಅಕ್ಷರಗಳ ರಾಶಿ ಬರುತ್ತದೆ, ಹೆದರಬೇಡಿ. ನಡುವೆ ಅನಲೈಜ್ ಅನ್ನುವ ಲಿಂಕ್ ಇರುತ್ತದೆ, ಅದನ್ನು ಕ್ಲಿಕ್ ಮಾಡಿ. ಮೊದಲ ಸಲ ಸಿಂಬಲ್ ಫೈಲ್‌ಗಳು (ಫಂಕ್ಷನ್‌ಗಳ ಹೆಸರು ಇರುವ ಫೈಲ್‌ಗಳು) ನೆಟ್‌ನಿಂದ ಇಳಿಯಬೇಕು, ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿದೀತು. ಮುಗಿದ ಮೇಲೆ ಕೆಳಗಡೆ ಮಾಡ್ಯೂಲ್ ನೇಮ್, ಇಮೇಜ್ ನೇಮ್ ಅನ್ನುವ ಸಾಲುಗಳನ್ನು ನೋಡಿ. ಅಲ್ಲಿ ಎನ್‌ವಿಎಲ್‌ಡಿಡಿಎಂಕೆಎಂ ಅಂತ ನಾಲಿಗೆ ಹೊರಳದ ಹೆಸರು ಕಂಡರೆ ಅದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್. ನೆಟ್‌ಡಬ್ಲ್ಯೂಟಿಡಬ್ಲ್ಯೂ ಅಂತ ಶುರುವಾದರೆ ಇಂಟೆಲ್ ವೈಫೈ.

ಎನ್‌ಟಿಒಎಸ್‌ಕೆಆರ್‌ಎನ್‌ಎಲ್ ಎಂಬ ಹೆಸರು ಬಂದರೆ ಮಾತ್ರ ಆತುರ ಬೇಡ. ಅದು ವಿಂಡೋಸಿನ ತಿರುಳು. ನಿಲ್ಲಿಸುವ ಕೆಲಸ ಮಾಡುವುದೇ ಅದು, ಹಾಗಾಗಿ ಅದರ ಹೆಸರು ಎಲ್ಲೆಂದರಲ್ಲಿ ಬರುತ್ತದೆ. ಇದನ್ನು ನೋಡಿ ವಿಂಡೋಸೇ ಕೆಟ್ಟಿದೆ, ಫಾರ್ಮ್ಯಾಟ್ ಹೊಡೆದುಬಿಡಿ ಅನ್ನುವವರು ಊರಿಗೊಬ್ಬರು ಸಿಗುತ್ತಾರೆ. ಫಾರ್ಮ್ಯಾಟ್ ಮಾಡಿದರೆ ಕೆಟ್ಟ ರ‍್ಯಾಮ್ ಸರಿಹೋಗುವುದಿಲ್ಲ, ಅಲ್ವಾ? ಇದ್ದ ಡಂಪ್‌ಗಳೂ ಹೋಗುತ್ತವೆ. ಫೋಟೋ, ಲೆಕ್ಕಪತ್ರ ಹೋದರಂತೂ ಇನ್ನೂ ಕಷ್ಟ.

ಸ್ಟಾಪ್ ಕೋಡ್‌ಗಳಲ್ಲಿ ಕೆಲವನ್ನು ಗುರುತಿಟ್ಟುಕೊಂಡರೆ ಒಳ್ಳೆಯದು. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂದರೆ ರ‍್ಯಾಮ್ ಪರೀಕ್ಷೆ ಮಾಡಿಸಿ, ಆದರೆ ಡ್ರೈವರ್‌ನಿಂದಲೂ ಅದು ಬರಬಹುದು. ವಿಡಿಯೊ ಟಿಡಿಆರ್ ಫೇಲ್ಯೂರ್ ಅಂದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ಕೂತಿತು, ವಿಂಡೋಸ್ ಅದನ್ನು ಎಬ್ಬಿಸಲು ನೋಡಿತು, ಅದು ಏಳಲಿಲ್ಲ. ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು 124ನೇ ಕೋಡ್, ವಿಯಾ (WHEA) ಅನ್‌ಕರೆಕ್ಟಬಲ್ ಎರರ್. ಇದರಲ್ಲಿ ದೂರು ಕೊಡುವುದು ಹಾರ್ಡ್‌ವೇರೇ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುತ್ತಿದ್ದರೆ, ಅದನ್ನು ತೆಗೆಯಿರಿ, ಬಿಸಿ ನೋಡಿ, ಪವರ್ ಸಪ್ಲೈ ನೋಡಿ.

ಹೆಸರು ಒಬ್ಬರದು, ತಪ್ಪು ಇನ್ನೊಬ್ಬರದು ಅನ್ನುವುದಕ್ಕೆ ಇಂಟೆಲ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಗೇಮ್ ಆಡುವವರಿಗೆ ವಿಡಿಯೊ ಮೆಮೊರಿ ಸಾಲುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು. ಕೆಲವರಿಗೆ ಬ್ಲೂ ಸ್ಕ್ರೀನ್. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಡ್ರೈವರ್ ಬದಲಿಸಿದರು. ಕೊನೆಗೆ ನೋಡಿದರೆ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಅದು ಒಳಗೊಳಗೇ ಸವೆಯುತ್ತಿತ್ತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಮೈಕ್ರೋಕೋಡ್‌ಗೆ (ಪ್ರೊಸೆಸರ್ ಒಳಗಿನ ಸೂಚನೆಗಳಿಗೆ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಸಿಗುವುದು ಬಯೋಸ್ ಅಪ್‌ಡೇಟ್ ಮೂಲಕ. ಬಯೋಸ್ ಅಂದರೆ ಕಂಪ್ಯೂಟರ್ ಆನ್ ಆದಾಗ ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್. ಆಗಲೇ ಸವೆದ ಚಿಪ್ ಅದರಿಂದ ಸರಿಯಾಗುವುದಿಲ್ಲ, ಬದಲಿಸಿಕೊಳ್ಳಲೇಬೇಕು. ನಿಮ್ಮ ಹತ್ತಿರ ಅಂಥ ಪ್ರೊಸೆಸರ್ ಇದ್ದರೆ ಇವತ್ತೇ ಬಯೋಸ್ ಆವೃತ್ತಿ ನೋಡಿ.

ರ‍್ಯಾಮ್ ಮೇಲೆ ಅನುಮಾನ ಬಂದರೆ ಮೊದಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದೆಯಾ ನೋಡಿ. ಅದು ರ‍್ಯಾಮನ್ನು ಸಾಮಾನ್ಯ ವೇಗಕ್ಕಿಂತ ಜಾಸ್ತಿ ಓಡಿಸುವ ಸೆಟ್ಟಿಂಗ್. ಆಫ್ ಮಾಡಿ ಕೆಲವು ದಿನ ಬಳಸಿ. ಬ್ಲೂ ಸ್ಕ್ರೀನ್ ನಿಂತರೆ ದುಡ್ಡು ಖರ್ಚಿಲ್ಲದೆ ಕಾರಣ ಸಿಕ್ಕಿತು. ಆಮೇಲೆ ರ‍್ಯಾಮ್ ತೆಗೆದು ಮತ್ತೆ ಕೂರಿಸುವುದು. ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಯವರು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುತ್ತಾರಲ್ಲ, ಅದು ಬೂಟಾಟಿಕೆ ಅಲ್ಲ. ಅಲ್ಲಿ ಕೂತ ಕೊಳೆ ಹೋದರೆ ಎಷ್ಟೋ ಸಲ ತೊಂದರೆಯೂ ಹೋಗುತ್ತದೆ. ಉಜ್ಜಿದ ಪುಡಿ ಸ್ಲಾಟ್ ಒಳಗೆ ಬೀಳಬಾರದು ಅಷ್ಟೆ. ಅದಕ್ಕೂ ಬಗ್ಗದಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಡಿ. ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಬೇಗ ಮುಗಿಯುತ್ತದೆ, ಆದರೆ ಅದು ಏನೂ ಇಲ್ಲ ಅಂದರೆ ನಾನು ಪೂರ್ತಿ ನಂಬುವುದಿಲ್ಲ. ಒಂದೇ ಒಂದು ದೋಷ ತೋರಿಸಿದರೂ, ರ‍್ಯಾಮ್ ಸ್ಟಿಕ್ ಎರಡು ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಿ.

ಡ್ರೈವರ್ ವೆರಿಫೈಯರ್ ಆನ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟಾರು. ಅದು ಡ್ರೈವರ್‌ಗಳನ್ನು ಬೇಕೆಂದೇ ಹಿಂಡುವ ಸಾಧನ. ತಪ್ಪು ಮಾಡಿದ ಡ್ರೈವರನ್ನು ಅಲ್ಲೇ ಹಿಡಿದು ಬ್ಲೂ ಸ್ಕ್ರೀನ್ ತರಿಸುತ್ತದೆ. ಕಂಪ್ಯೂಟರ್ ಏಳದೆ ಸುತ್ತು ಹೊಡೆಯುತ್ತಾ ಕೂರುವುದೂ ಉಂಟು. ಸೇಫ್ ಮೋಡ್‌ಗೆ ಹೋಗಿ ಅದನ್ನು ಆಫ್ ಮಾಡಲು ಬರುವವರು ಮಾತ್ರ ಮುಟ್ಟಿ.

ಇಷ್ಟೆಲ್ಲ ಓದಿ ಫೋಲ್ಡರ್ ತೆರೆದರೆ ಖಾಲಿ ಇರಬಹುದು. ಕ್ಲೀನರ್ ಸಾಫ್ಟ್‌ವೇರ್‌ಗಳು ಡಂಪ್‌ಗಳನ್ನು ಕಸ ಅಂತ ಅಳಿಸುತ್ತವೆ. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಫೈಲ್) ಆಫ್ ಮಾಡಿದ್ದರೂ ಡಂಪ್ ಸಿಗದೇ ಹೋಗಬಹುದು. ಯಾಕೆಂದರೆ ಬೀಳುವ ಹೊತ್ತಿಗೆ ಅದನ್ನು ಮೊದಲು ಬರೆಯುವುದು ಅಲ್ಲಿಗೇ. ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಸ್ಮಾಲ್ ಮೆಮೊರಿ ಡಂಪ್ ಆರಿಸಿಡಿ. ತಾನಾಗಿಯೇ ರೀಸ್ಟಾರ್ಟ್ ಆಗುವ ಟಿಕ್ಕನ್ನೂ ತೆಗೆದರೆ ಕೋಡ್ ಓದಲು ಸಮಯ ಸಿಗುತ್ತದೆ. ಇವೆಲ್ಲ ಸರಿಯಿದ್ದೂ ಡಂಪ್ ಇಲ್ಲ, ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯಿತು ಅನ್ನುವ ನಮೂದು) ಒಂದೇ ಇದೆ, ಅದರ ಬಗ್‌ಚೆಕ್ ಕೋಡ್ ಸೊನ್ನೆ ಅಂದರೆ ವಿಂಡೋಸ್‌ಗೆ ಬರೆಯಲು ಪುರಸೊತ್ತೇ ಸಿಕ್ಕಿಲ್ಲ. ಆಗ ಪವರ್ ಸಪ್ಲೈ, ಯುಪಿಎಸ್, ಬಿಸಿ ಇವನ್ನು ನೋಡಿ. ನೀಲಿ ಪರದೆ ಬಂದು 0%ನಲ್ಲೇ ನಿಂತಿತು, ಡಂಪ್ ಮಾತ್ರ ಇಲ್ಲ ಅನ್ನುವುದಾದರೆ ಬರೆಯಬೇಕಾದ ಡಿಸ್ಕೇ ಮಾಯವಾಗಿರುವ ಸಾಧ್ಯತೆ ಇದೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಎಸ್‌ಎಸ್‌ಡಿ ಪರೀಕ್ಷೆ ಆಮೇಲೆ.