ಕಳ್ಳ ಹತ್ತಿದ್ದು ನಮ್ಮದೇ ಏಣಿ

ಸುಂಟಿಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟವಿದೆ. ಕೆಲವು ವರ್ಷಗಳ ಹಿಂದೆ, ಮೆಣಸು ಕುಯ್ಯುವ ಹೊತ್ತಿನಲ್ಲಿ, ಅಲ್ಲಿ ಕಳ್ಳತನವಾಯಿತು. ಬೇಲಿ ಮುರಿದಿರಲಿಲ್ಲ. ನಾಯಿ ಬೊಗಳಿರಲಿಲ್ಲ. ಗೋದಾಮಿನ ಬೀಗ ಹಾಕಿದ ಹಾಗೇ ಇತ್ತು. ಕಳ್ಳ ಹಗಲು ಹೊತ್ತಿನಲ್ಲೇ ಬಂದು, ಶೆಡ್ಡಿಗೆ ಒರಗಿಸಿಟ್ಟಿದ್ದ ನಮ್ಮದೇ ಬಿದಿರಿನ ಏಣಿ ತೆಗೆದುಕೊಂಡು, ನಮ್ಮದೇ ಗೋಣಿಚೀಲದಲ್ಲಿ ಮೆಣಸು ತುಂಬಿಕೊಂಡು ಹೋಗಿದ್ದ. ಇಬ್ಬರು ಅವನನ್ನು ನೋಡಿಯೂ ಇದ್ದರು. ಮಾರ್ಚ್ ತಿಂಗಳಲ್ಲಿ ತೋಟದೊಳಗೆ ಏಣಿ ಹೊತ್ತು ನಡೆಯುವವನನ್ನು ಯಾರು ತಡೆದು ಕೇಳುತ್ತಾರೆ?

ಕಂಡುಹಿಡಿದದ್ದು ತೋಟದ ರೈಟರಣ್ಣ. ಸಂಜೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುತ್ತಾ ಕೂತಿದ್ದವರು ಪೆನ್ನು ನಿಲ್ಲಿಸಿ ಹೇಳಿದರು: "ತೋಡಿನ ಬದಿ ಬಳ್ಳಿಗಳು ಬರಿದಾಗಿವೆ. ಆ ಕಡೆ ಈ ವಾರ ನಾನು ಆಳೇ ಬಿಟ್ಟಿಲ್ಲವಲ್ಲ?"

ಈಗ ನಾನು ಕುಶಾಲನಗರದ ಮನೆಯಲ್ಲಿ ಕೂತು ಹೊಟ್ಟೆಪಾಡಿಗೆ ಮಾಡುವುದೂ ಹೆಚ್ಚು ಕಡಿಮೆ ರೈಟರಣ್ಣನ ಕೆಲಸವೇ. ಯಾವುದೋ ಊರಿನ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಯಾರು, ಯಾವಾಗ, ಏನು ಮಾಡಿದರು ಎಂಬ ದಾಖಲೆಗಳನ್ನು ನೋಡುತ್ತಿರುತ್ತೇನೆ. ಆ ದಾಖಲೆಗೆ ಲಾಗ್ ಅನ್ನುತ್ತಾರೆ. ಚೆಕ್‌ರೋಲ್ ಅಂದರೂ ನಡೆಯುತ್ತದೆ.

ಮೊದಲೆಲ್ಲ ಕಂಪ್ಯೂಟರಿನ ಕಾವಲು ಅಂದರೆ ಆ್ಯಂಟಿವೈರಸ್. ಅದರ ಹತ್ತಿರ ಕೆಟ್ಟ ಫೈಲುಗಳ ಗುರುತಿನ ಪಟ್ಟಿ ಇರುತ್ತದೆ. ಒಳಗೆ ಬರುವ ಪ್ರತಿ ಫೈಲನ್ನೂ ಆ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ, ಠಾಣೆಯ ಗೋಡೆಗೆ ಅಂಟಿಸಿದ ಫೋಟೊ ನೋಡಿ ಕಳ್ಳನನ್ನು ಗುರುತಿಸುವ ಹಾಗೆ. ಅದು ಈಗಲೂ ಬೇಕು. ಆದರೆ ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಅದರ ಹ್ಯಾಶ್, ಅಂದರೆ ಬೆರಳಚ್ಚು, ಪೂರ್ತಿ ಬೇರೆಯಾಗುತ್ತದೆ. ಪಟ್ಟಿಯಲ್ಲಿರುವುದು ಹಳೇ ಬೆರಳಚ್ಚು.

ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ಈಗಿನ ಎಷ್ಟೋ ದಾಳಿಕೋರರು ಜೊತೆಗೆ ಏನನ್ನೂ ತರುವುದೇ ಇಲ್ಲ. ವಿಂಡೋಸ್‌ನಲ್ಲಿ ಪವರ್‌ಶೆಲ್ ಎಂಬ ಸಾಧನವಿದೆ. ಸಿಸ್ಟಂ ನೋಡಿಕೊಳ್ಳುವವರು ದಿನಾ ಬಳಸುತ್ತಾರೆ. ಸರ್ಟ್‌ಯುಟಿಲ್ ಅಂತ ಇನ್ನೊಂದಿದೆ. ಡಿಜಿಟಲ್ ಸರ್ಟಿಫಿಕೇಟ್‌ಗಳ ಕೆಲಸಕ್ಕೆ ಮಾಡಿದ್ದು, ಆದರೆ ಅದರಿಂದ ಇಂಟರ್ನೆಟ್‌ನ ಫೈಲನ್ನೂ ಇಳಿಸಿಕೊಳ್ಳಬಹುದು. ವಿಎಸ್‌ಎಸ್‌ಅಡ್ಮಿನ್ ಇದೆ, ಫೈಲುಗಳ ಹಳೇ ನಕಲುಗಳನ್ನು ನಿಭಾಯಿಸುವುದು ಅದರ ಕೆಲಸ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಗುಂಪುಗಳು ಅದನ್ನೇ ಹಿಡಿದು ಮೊದಲು ಆ ನಕಲುಗಳನ್ನು ಅಳಿಸುತ್ತವೆ, ಆಮೇಲೆ ಬೀಗ ಹಾಕುತ್ತವೆ. ಇವೆಲ್ಲ ಮೈಕ್ರೋಸಾಫ್ಟ್‌ನವರೇ ಕೊಟ್ಟ ಸಾಧನಗಳು. ಶೆಡ್ಡಿಗೆ ಒರಗಿಸಿಟ್ಟ ಏಣಿಗಳು. ಯಾವ ಆ್ಯಂಟಿವೈರಸ್ ತಾನೇ ಏಣಿಯನ್ನು ಕಳ್ಳ ಅನ್ನುತ್ತದೆ?

ಹಾಗಾಗಿ ವಸ್ತುವನ್ನು ಬಿಟ್ಟು ನಡವಳಿಕೆಯನ್ನು ನೋಡಬೇಕಾಯಿತು. ಉದಾಹರಣೆಗೆ, ಯಾವ ಪ್ರೋಗ್ರಾಂ ಯಾವುದನ್ನು ಶುರುಮಾಡಿತು ಎಂಬ ದಾಖಲೆ. ಸಿಸ್ಟಂ ನೋಡಿಕೊಳ್ಳುವವರು ಪವರ್‌ಶೆಲ್ ತೆರೆದರೆ ಅದು ಅವರ ಕೆಲಸ. ಆದರೆ ಅಕೌಂಟ್ಸ್ ವಿಭಾಗದವರು ಮೇಲ್‌ನಲ್ಲಿ ಬಂದ ವರ್ಡ್ ಫೈಲನ್ನು ತೆರೆದ ಕೂಡಲೇ ಆ ವರ್ಡ್ ತಾನಾಗಿ ಪವರ್‌ಶೆಲ್ ಶುರುಮಾಡಿ, ಪವರ್‌ಶೆಲ್ ಹೊರಗಿನ ಯಾವುದೋ ವಿಳಾಸಕ್ಕೆ ಕರೆ ಮಾಡಿದರೆ? ಪತ್ರ ಟೈಪ್ ಮಾಡುವ ಪ್ರೋಗ್ರಾಂಗೆ ಅಲ್ಲೇನು ಕೆಲಸ? ಆ ಕಡೆ ನಾನು ಆಳೇ ಬಿಟ್ಟಿಲ್ಲವಲ್ಲ.

ಇದು ಹೊಸ ಯೋಚನೆಯೇನಲ್ಲ. 1980ರಲ್ಲೇ ಅಮೆರಿಕದ ಜೇಮ್ಸ್ ಆ್ಯಂಡರ್ಸನ್, ಕಂಪ್ಯೂಟರಿನ ಬಳಕೆಯ ದಾಖಲೆಗಳನ್ನು ಜಾಲಾಡಿದರೆ ದುರ್ಬಳಕೆ ಕಾಣಿಸುತ್ತದೆ ಎಂದು ವರದಿ ಬರೆದಿದ್ದರು. 1987ರಲ್ಲಿ ಡೊರೊಥಿ ಡೆನ್ನಿಂಗ್ ಅದಕ್ಕೊಂದು ಚೌಕಟ್ಟು ಕೊಟ್ಟರು: ಪ್ರತಿ ಬಳಕೆದಾರರ ಮಾಮೂಲು ನಡವಳಿಕೆಯ ಲೆಕ್ಕ ಇಡಿ, ಅದರಿಂದ ಜಾಸ್ತಿ ಆಚೀಚೆ ಆದಾಗ ಎಚ್ಚರಿಸಿ. ಈ ಎರಡರ ನಡುವೆ, 1986ರಲ್ಲಿ, ನನಗೆ ಬಲು ಇಷ್ಟವಾದ ಪ್ರಸಂಗವೊಂದು ನಡೆಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದರು. ಕಂಪ್ಯೂಟರ್ ಬಳಸಿದ ಹೊತ್ತಿಗೆ ಇಂತಿಷ್ಟು ಎಂದು ಬಿಲ್ ಹಾಕುವ ಕಾಲ ಅದು. ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಒಂದು ಡಾಲರೂ ಇಲ್ಲ, ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಆ ಚಿಲ್ಲರೆಯ ಜಾಡು ಹಿಡಿದು ತಿಂಗಳುಗಟ್ಟಲೆ ಹೋದಾಗ ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್. ಅಮೆರಿಕದ ಸೇನೆಯ ಕಂಪ್ಯೂಟರ್‌ಗಳಿಗೆ ನುಗ್ಗಿ, ಸಿಕ್ಕ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದ ಗುಂಪಿನವನು. ರೈಟರಣ್ಣನಿಗೆ ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಲೆಕ್ಕ ತಾಳೆ ಆಗದಿದ್ರೆ ನಿದ್ದೆ ಹೇಗೆ ಬರ್ತದೆ?" ಅಂದರು.

ಮನೆಯ ಹತ್ತಿರದ ಉದಾಹರಣೆಯೂ ಇದೆ. ಸೋಮವಾರಪೇಟೆ ಕಡೆ ನಮ್ಮ ಅತ್ತಿಗೆ ಹೋಮ್‌ಸ್ಟೇ ನಡೆಸುತ್ತಾರೆ. ಒಂದು ಡಿಸೆಂಬರ್‌ನಲ್ಲಿ ಫೋನ್ ಮಾಡಿದರು. "ನೋಡು ಮಾರಾಯ, ಗೆಸ್ಟ್‌ಗಳು ಅಡ್ವಾನ್ಸ್ ಹಾಕಿದ್ದೀವಿ ಅಂತಾರೆ. ನಂಗೆ ದುಡ್ಡೂ ಬಂದಿಲ್ಲ, ಮೇಲೂ ಬಂದಿಲ್ಲ." ಅವರ ಮೇಲ್ ಖಾತೆಯ ಸೆಟ್ಟಿಂಗ್ಸ್ ತೆರೆದು ನೋಡಿದೆ. ಅಲ್ಲಿ ಒಂದು ನಿಯಮ ಕೂತಿತ್ತು: ಬುಕಿಂಗ್, ಅಡ್ವಾನ್ಸ್ ಎಂಬ ಪದಗಳಿರುವ ಮೇಲ್ ಬಂದರೆ ಅದನ್ನು ಓದಿದ್ದಾಗಿದೆ ಎಂದು ಗುರುತು ಹಾಕಿ, ಯಾರೂ ತೆರೆಯದ ಒಂದು ಫೋಲ್ಡರಿಗೆ ದಾಟಿಸು. ಅತ್ತಿಗೆಗೆ ಇಂಥ ನಿಯಮ ಮಾಡಬಹುದು ಅಂತಲೇ ಗೊತ್ತಿರಲಿಲ್ಲ. ಯಾವುದೋ ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರು. ಒಳಗೆ ಬಂದವನು ಆ ಫೋಲ್ಡರಿನಲ್ಲೇ ಕೂತು, ಅತ್ತಿಗೆಯ ಹೆಸರಿನಲ್ಲೇ ಗೆಸ್ಟ್‌ಗಳಿಗೆ ನಯವಾಗಿ ಉತ್ತರ ಬರೆದು, ತನ್ನ ಖಾತೆಯ ನಂಬರ್ ಕೊಡುತ್ತಿದ್ದ.

ಬೇರೆ ಊರಿನಿಂದ ಲಾಗಿನ್ ಆಗುವುದು ತಪ್ಪಲ್ಲ. ಮೇಲ್‌ಗೆ ನಿಯಮ ಮಾಡುವುದೂ ತಪ್ಪಲ್ಲ, ಅದು ಒಳ್ಳೇ ಸೌಲಭ್ಯ. ಆದರೆ ಅದೇ ಮೊದಲ ಸಲ ಕಂಡ ಊರಿನಿಂದ, ಮೊದಲ ಸಲ ಕಂಡ ಕಂಪ್ಯೂಟರಿನಿಂದ ಲಾಗಿನ್ ಆಗಿ, ಮೂರೇ ನಿಮಿಷದಲ್ಲಿ ದುಡ್ಡಿನ ಮಾತಿರುವ ಮೇಲ್‌ಗಳನ್ನು ಬಚ್ಚಿಡುವ ನಿಯಮ ಹುಟ್ಟಿದರೆ? ನಮ್ಮ ವೃತ್ತಿಯಲ್ಲಿ ಇದನ್ನೇ ಹುಡುಕುವುದು. ಬಿಡಿಬಿಡಿಯಾಗಿ ಮಾಮೂಲಾದ ಸಂಗತಿಗಳು, ಮಾಮೂಲಲ್ಲದ ಸಾಲಿನಲ್ಲಿ ಬರುವುದು. ಅತ್ತಿಗೆಯ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಆಗಲೇ ತೆರೆದಿದ್ದ ಲಾಗಿನ್‌ಗಳನ್ನೆಲ್ಲ ಹೊರದಬ್ಬಿ, ಆ ನಿಯಮ ಅಳಿಸಿ, ಎರಡು ಹಂತದ ಲಾಗಿನ್ ಹಾಕಿಸಬೇಕಾಯಿತು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಒಬ್ಬ ಗೆಸ್ಟ್‌ನ ದುಡ್ಡು ಮಾತ್ರ ದಾರಿಯಲ್ಲಿ ತಡೆಯಲು ಸಿಕ್ಕಿತು.

ಕ್ಲೌಡ್‌ನಲ್ಲಿ ಈ ಆಟ ಇನ್ನೂ ವಿಚಿತ್ರ. ಅಲ್ಲಿ ಬೇಲಿ ಅನ್ನುವುದೇ ತೆಳು. ಬಾಡಿಗೆಗೆ ಪಡೆದ ಸಾವಿರ ಮೈಲಿ ಆಚೆಯ ಯಂತ್ರಗಳನ್ನು ಒಂದು ಡಿಜಿಟಲ್ ಕೀಲಿ ಇದ್ದವರು ಎಲ್ಲಿಂದ ಬೇಕಾದರೂ ನಡೆಸಬಹುದು. ಕೀಲಿ ಕದ್ದವನೂ ಅಷ್ಟೇ. ಕದ್ದ ಕೀಲಿ ಕೈಗೆ ಬಂದವನು ಅಮೆಜಾನ್ ಕ್ಲೌಡ್‌ನಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ತಮಾಷೆಯಾಗಿದೆ: "ನಾನು ಯಾರು?" ಹಾಗೆ ಕೇಳಲೆಂದೇ ಒಂದು ಆಜ್ಞೆ ಇದೆ. ಸುಮ್ನೆ ಯೋಚಿಸಿ, ತನ್ನ ಮನೆಯ ಬಾಗಿಲು ತೆರೆದು ಒಳಗೆ ಬಂದವನು "ಇದು ಯಾರ ಮನೆ?" ಅಂತ ಕೇಳುತ್ತಾನೆಯೇ? ಆಮೇಲೆ ಏನೇನಿದೆ ಎಂದು ಪಟ್ಟಿ ಮಾಡುತ್ತಾನೆ. ಬೀಗ ಬದಲಾದರೂ ತನಗೆ ದಾರಿ ಇರಲಿ ಎಂದು ಹೊಸ ಬಳಕೆದಾರನನ್ನು ಸೃಷ್ಟಿಸುತ್ತಾನೆ. ಧೈರ್ಯ ಜಾಸ್ತಿ ಇದ್ದರೆ ಲಾಗ್ ಬರೆಯುವುದನ್ನೇ ನಿಲ್ಲಿಸಿಬಿಡುತ್ತಾನೆ. ಅದು ಚೆಕ್‌ರೋಲ್ ಪುಸ್ತಕವನ್ನೇ ಒಲೆಗೆ ಹಾಕಿದ ಹಾಗೆ. ಆದರೆ ನಿಲ್ಲಿಸು ಎಂದು ಹೇಳಿದ್ದು ಕೊನೆಯ ಸಾಲಾಗಿ ಲಾಗ್‌ನಲ್ಲೇ ಉಳಿಯುತ್ತದೆ. ಇನ್ನು ಕೆಲವರು ಕಂಪನಿ ಯಾವತ್ತೂ ಬಳಸದ ದೂರದ ದೇಶದ ಕೇಂದ್ರದಲ್ಲಿ ದುಬಾರಿ ಯಂತ್ರಗಳನ್ನು ಹತ್ತಾರು ಚಾಲೂ ಮಾಡಿ ಕ್ರಿಪ್ಟೊ ನಾಣ್ಯ ತೋಡುತ್ತಾರೆ. ಬಿಲ್ ಮಾತ್ರ ನಮ್ಮ ಮನೆಗೆ.

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ನಡೆದದ್ದು ಈ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಲೌಡ್‌ನ ಯಂತ್ರಗಳು ತಮ್ಮ ತಾತ್ಕಾಲಿಕ ಕೀಲಿಗಳನ್ನು 169.254.169.254 ಎಂಬ ಒಳಗಿನ ವಿಳಾಸದಿಂದ ಕೇಳಿ ಪಡೆಯುತ್ತವೆ. ಹೊರಗಿನವರು ಆ ವಿಳಾಸವನ್ನು ಮುಟ್ಟಲಾಗದು. ದಾಳಿಕೋರರು ಬ್ಯಾಂಕಿನದೇ ಒಂದು ಯಂತ್ರವನ್ನು ಯಾಮಾರಿಸಿ, ಅದರ ಬಾಯಿಂದ ಕೇಳಿಸಿ, ಕೀಲಿ ಪಡೆದರು. ಆ ಕೀಲಿ ಯಾರದ್ದು ಗೊತ್ತೇ? ಕಾವಲಿಗೆಂದು ಇಟ್ಟ ಫೈರ್‌ವಾಲ್‌ನದ್ದು! ಆಮೇಲೆ ಆ ಕಾವಲುಗಾರನ ಹೆಸರಿನಲ್ಲೇ ಕ್ಲೌಡ್‌ನ ಎಲ್ಲ ಉಗ್ರಾಣಗಳ ಪಟ್ಟಿ ತೆಗೆದು ನಕಲು ಮಾಡಿಕೊಂಡರು. ಸುಮಾರು 10 ಕೋಟಿ 60 ಲಕ್ಷ ಜನರ ಮಾಹಿತಿ ಹೋಯಿತು. ಆ ಫೈರ್‌ವಾಲ್ ಮಾಮೂಲು ದಿನಗಳಲ್ಲಿ ಉಗ್ರಾಣಗಳ ಪಟ್ಟಿ ಕೇಳುವುದೇ ಇಲ್ಲ ಎಂಬ ಮಾತು ಆಮೇಲೆ ಕೋರ್ಟಿನ ದಾಖಲೆಯಲ್ಲೇ ಬಂತು. ಲಾಗ್‌ನಲ್ಲಿ ಎಲ್ಲ ಇತ್ತು. ಓದಿದವರಿರಲಿಲ್ಲ. ಮಾರ್ಚ್‌ನಲ್ಲಿ ನಡೆದದ್ದು ಬ್ಯಾಂಕಿಗೆ ಗೊತ್ತಾದದ್ದು ಜುಲೈನಲ್ಲಿ, ಹೊರಗಿನವರೊಬ್ಬರು ಇಮೇಲ್ ಬರೆದ ಮೇಲೆ.

ಕೊಡಗಿನವನು ಇಷ್ಟು ಬರೆದು ಆನೆಯ ಮಾತೆತ್ತದಿದ್ದರೆ ಹೇಗೆ? ಸೋಲಾರ್ ಬೇಲಿ ಹಾಕಿದಾಗ ಆನೆಗಳು ಕೆಲವು ಕಾಲ ಹೆದರಿದವು. ಆಮೇಲೆ ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲ ಅಂತ ಕಂಡುಕೊಂಡವು, ಮರದ ಕೊಂಬೆಯನ್ನು ತಂತಿಯ ಮೇಲೆ ಬೀಳಿಸುವುದನ್ನು ಕಲಿತವು. ಬೇಲಿ ಮುರಿಯುವ ಜಾಗ ದಿನಾ ಬದಲಾಗುತ್ತದೆ. ಬದಲಾಗದೆ ಇರುವುದು ಹಲಸು ಹಣ್ಣಾದಾಗ ಹಲಸಿನ ಮರಕ್ಕೆ ಬರುವುದು, ಕೆರೆಗೆ ಇಳಿಯುವುದು. ಕಾವಲಿಗೆ ಹೋಗುವವರು ಬೇಲಿಯನ್ನಲ್ಲ, ಹಲಸಿನ ಮರವನ್ನು ನೋಡುತ್ತಾರೆ. ಡೇವಿಡ್ ಬಿಯಾಂಕೊ ಎಂಬ ತಜ್ಞರು 2013ರಲ್ಲಿ ಹೇಳಿದ್ದೂ ಇದನ್ನೇ, ಆನೆ ಇಲ್ಲದೆ. ದಾಳಿಕೋರನ ಫೈಲಿನ ಬೆರಳಚ್ಚನ್ನೋ ಐಪಿ ವಿಳಾಸವನ್ನೋ ತಡೆದರೆ ಅವನು ನಿಮಿಷಗಳಲ್ಲಿ ಬದಲಿಸಿಕೊಳ್ಳುತ್ತಾನೆ. ಅವನ ಕೆಲಸದ ರೂಢಿಯನ್ನೇ ಹಿಡಿದರೆ ಹೊಸದಾಗಿ ಕೆಲಸ ಕಲಿಯಬೇಕಾಗುತ್ತದೆ. ಮೈಟರ್ ಎಂಬ ಸಂಸ್ಥೆ ಇಂಥ ರೂಢಿಗಳನ್ನೆಲ್ಲ ಒಂದು ದೊಡ್ಡ ಪಟ್ಟಿ ಮಾಡಿ 2015ರಿಂದ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದೆ. ಅದರ ಹೆಸರು ಅಟ್ಯಾಕ್.

ಹೊತ್ತು ನೋಡಿಕೊಂಡು ಬರುವುದೂ ಒಂದು ರೂಢಿ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ದುಡ್ಡು ಕದ್ದವರು ಗುರುವಾರ ರಾತ್ರಿ ಶುರುಮಾಡಿದರು. ಶುಕ್ರವಾರ ಢಾಕಾದಲ್ಲಿ ರಜೆ. ಶನಿ, ಭಾನುವಾರ ದುಡ್ಡಿದ್ದ ನ್ಯೂಯಾರ್ಕ್‌ನಲ್ಲಿ ರಜೆ. ಸೋಮವಾರ ದುಡ್ಡು ಹೋಗಿ ಸೇರಿದ ಫಿಲಿಪ್ಪೀನ್ಸ್‌ನಲ್ಲಿ ಚಾಂದ್ರಮಾನ ಹೊಸವರ್ಷದ ರಜೆ. 8 ಕೋಟಿ 10 ಲಕ್ಷ ಡಾಲರ್ ಕೈತಪ್ಪಿತು. ಹುತ್ತರಿಯ ರಾತ್ರಿ ಊರೆಲ್ಲ ಕದಿರು ತೆಗೆಯಲು ಗದ್ದೆಯಲ್ಲಿರುವಾಗ ನಮ್ಮಲ್ಲೊಬ್ಬರು ಲ್ಯಾಪ್‌ಟಾಪ್ ಮುಂದೆ ಇರಬೇಕಾಗುವುದು ಇದಕ್ಕೇ. ಬಹಳ ಸಲ ಆ ಒಬ್ಬ ನಾನೇ. ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ.

ಹಾಗಾದರೆ ಮಾಮೂಲಲ್ಲದ್ದು ಕಂಡಾಗಲೆಲ್ಲ ಗಂಟೆ ಬಾರಿಸುವ ಯಂತ್ರ ಇಟ್ಟರೆ ಆಯಿತಲ್ವಾ? ಇಲ್ಲಿ ಲೆಕ್ಕ ಕೈಕೊಡುತ್ತದೆ. ಒಂದು ಕಂಪನಿಯಲ್ಲಿ ದಿನಕ್ಕೆ 10 ಲಕ್ಷ ಘಟನೆಗಳು ಲಾಗ್‌ಗೆ ಬೀಳುತ್ತವೆ ಅನ್ನಿ. ಅದರಲ್ಲಿ ಕಳ್ಳನದ್ದು 10. ನಮ್ಮ ಯಂತ್ರ ನೂರಕ್ಕೆ 99 ಸಲ ಸರಿ ಹೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಮಿಕ್ಕ 1 ಸಲದ ತಪ್ಪು, 10 ಲಕ್ಷಕ್ಕೆ 10,000 ಸುಳ್ಳು ಗಂಟೆ. ಹೊಡೆದ ಸಾವಿರ ಗಂಟೆಯಲ್ಲಿ ಒಂದು ನಿಜ. ಆ ಒಂದು ಬರುವ ಹೊತ್ತಿಗೆ ಕೇಳುವವನ ಕಿವಿ ಸತ್ತಿರುತ್ತದೆ. ದೊಡ್ಡ ಜಾಹೀರಾತು ಕೊಡುವ ಭದ್ರತಾ ತಂತ್ರಾಂಶಗಳು ಎಷ್ಟು ಹಿಡಿಯುತ್ತವೆ ಅಂತ ಹೇಳುತ್ತವೆ, ಎಷ್ಟು ಸುಳ್ಳು ಹೇಳುತ್ತವೆ ಅಂತ ಹೇಳುವುದಿಲ್ಲ. ನಾನಾದರೆ ಎರಡನೆಯದನ್ನೇ ಮೊದಲು ಕೇಳುತ್ತೇನೆ.

ಇದಕ್ಕೊಂದು ಅಗ್ಗದ ಉಪಾಯವಿದೆ. ಯಾರಿಗೂ ಬೇಡವಾದ ಒಂದು ಕೀಲಿಯನ್ನೋ, "ಪಾಸ್‌ವರ್ಡ್‌ಗಳು" ಎಂಬ ಹೆಸರಿನ ಪೊಳ್ಳು ಫೈಲನ್ನೋ ಕಾಣುವ ಜಾಗದಲ್ಲಿ ಇಡುವುದು. ಕೆಲಸದವರು ಅದನ್ನು ಮುಟ್ಟುವ ಕಾರಣವೇ ಇಲ್ಲ. ಮುಟ್ಟಿದರು ಅಂದರೆ ವಿಚಾರಿಸಬೇಕು. ಸ್ಟೋಲ್ ಕೂಡ ಸುಳ್ಳು ಸೇನಾ ದಾಖಲೆಗಳನ್ನು ಹೆಣೆದು ಇಟ್ಟೇ ಹೆಸ್‌ನನ್ನು ಫೋನ್ ಲೈನಿನಲ್ಲಿ ಹೆಚ್ಚು ಹೊತ್ತು ಕೂರಿಸಿದ್ದು.

ಉಳಿದದ್ದಕ್ಕೆಲ್ಲ ಮನುಷ್ಯರೇ ಬೇಕು. 2020ರಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ತಂತ್ರಾಂಶದ ಅಪ್‌ಡೇಟಿನೊಳಗೆ ಹಿಂಬಾಗಿಲು ಸೇರಿಸಿ ದಾಳಿಕೋರರು ಕಳಿಸಿದ್ದರು. ಸುಮಾರು 18,000 ಸಂಸ್ಥೆಗಳು ಅದನ್ನು ಹಾಕಿಕೊಂಡವು. ತಿಂಗಳುಗಟ್ಟಲೆ ಯಾರಿಗೂ ಸುಳಿವಿಲ್ಲ. ಆ ಡಿಸೆಂಬರ್‌ನಲ್ಲಿ ಬಯಲಾದದ್ದು ಫೈರ್‌ಐ ಎಂಬ ಕಂಪನಿಯಲ್ಲಿ. ಒಬ್ಬ ನೌಕರನ ಹೆಸರಿನಲ್ಲಿ ಲಾಗಿನ್‌ಗೆ ಎರಡನೇ ಫೋನ್ ನೋಂದಣಿಯಾಗಿತ್ತು. ಭದ್ರತಾ ವಿಭಾಗದವರು ಅವರಿಗೆ ಫೋನ್ ಮಾಡಿ, ಇದು ನಿಮ್ಮದೇನಾ ಎಂದು ಕೇಳಿದರು. ಅವರು ಅಲ್ಲ ಅಂದರು.

ನಾನೂ ಜಾಸ್ತಿ ಮಾಡುವುದು ಫೋನ್‌ಗಳನ್ನೇ. ಮಳೆಗಾಲದಲ್ಲಂತೂ ಕೈ ಬಿಡುವಿಲ್ಲ. ಜೂನ್ ಬಂತೆಂದರೆ ಮಡಿಕೇರಿಯಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ಬ್ರಾಡ್‌ಬ್ಯಾಂಡ್ ಹೋಗುತ್ತದೆ. ಮನೆಯಿಂದ ಕೆಲಸ ಮಾಡುವವರು ಮೊಬೈಲ್ ಹಾಟ್‌ಸ್ಪಾಟ್‌ಗೆ ದಾಟುತ್ತಾರೆ. ಮೊಬೈಲ್ ಇಂಟರ್ನೆಟ್ ದೂರದ ಯಾವುದೋ ನಗರದಿಂದ ಹೊರಬೀಳುತ್ತದೆ. ಆಗ ಲಾಗ್ ಪ್ರಕಾರ ಹತ್ತು ನಿಮಿಷದ ಹಿಂದೆ ಮಡಿಕೇರಿಯಲ್ಲಿದ್ದವರು ಈಗ ಚೆನ್ನೈನಲ್ಲಿ. ಯಂತ್ರ ಕೂಗುತ್ತದೆ: ಅಸಾಧ್ಯ ಪ್ರಯಾಣ! ನಾನು ಫೋನ್ ಮಾಡಿ "ಕರೆಂಟ್ ಹೋಯ್ತಾ?" ಅಂತ ಕೇಳುತ್ತೇನೆ. ಆ ಕಡೆಯಿಂದ ನಗು. ಕಾರಣ ಬರೆಯುವ ಜಾಗದಲ್ಲಿ "ಕೊಡಗಿನಲ್ಲಿ ಮಳೆ" ಎಂದು ತುಂಬಿಸಿ ಮುಚ್ಚುತ್ತೇನೆ. ಬೇರೆ ರಾಜ್ಯದಲ್ಲಿ ಕೂತ ನಮ್ಮ ಮೇಲಿನವರು ಒಮ್ಮೆ, ಇಷ್ಟೊಂದು ಇದ್ದರೆ ಮಳೆಗಾಲದ ಮೂರು ತಿಂಗಳು ಕೊಡಗಿನ ಮಟ್ಟಿಗೆ ಆ ಅಲರ್ಟನ್ನೇ ಆಫ್ ಮಾಡಬಹುದಲ್ಲ ಅಂದರು. ನಾನು ಒಪ್ಪಲಿಲ್ಲ. ಹೋದ ಜುಲೈನಲ್ಲಿ ಹಾಗೆಯೇ ಒಂದು ಅಲರ್ಟ್ ಬಂತು, ಹಾಗೆಯೇ ಫೋನ್ ಮಾಡಿದೆ.

"ಇಲ್ವಲ್ಲಾ," ಅಂದರು ಅವರು, "ಇಲ್ಲಿ ಕರೆಂಟ್ ಇದೆ."