ಮಕ್ಕಳು, ಅತ್ತೆ ಜೊತೆಗಿದ್ದಾಗ ಮುಂಬೈ ಲೋಕಲ್ ಹತ್ತಬಹುದಾ?

ಪ್ರಶ್ನೆ: ಮೇಡಂ, ದಸರಾ ರಜೆಯಲ್ಲಿ ಮೊದಲ ಸಲ ಮುಂಬೈ ನೋಡಲು ಬರುತ್ತಿದ್ದೇವೆ. ನಾನು, ನಮ್ಮ ಮನೆಯವರು, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಮೂರು ದಿನ ಇರುತ್ತೇವೆ. ಏನು ಬೇಕಾದರೂ ಮಾಡಿ, ಲೋಕಲ್ ಟ್ರೈನ್ ಮಾತ್ರ ಹತ್ತಬೇಡಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಮೂರೂ ದಿನಕ್ಕೆ ಕಾರು ಮಾಡಿಕೊಳ್ಳುವುದೇ ಸರಿಯಾ?

ಉತ್ತರ: ಕಾರು ಬೇಡ. ಲೋಕಲ್ ಹತ್ತಿ. ಹೊತ್ತು ನೋಡಿ, ದಿಕ್ಕು ನೋಡಿ ಹತ್ತಿ.

ಉತ್ತರ ಇಷ್ಟೇ. ಪ್ರತಿ ರಜೆಗೂ ಇದನ್ನು ಬರೆಯುತ್ತೇನೆ, ಮುಂದಿನ ರಜೆಗೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಯಾಕೆ ಅಂದರೆ, ಇದನ್ನು ಓದಿದ ಮೇಲೂ ಮನೆಯಲ್ಲಿ ಯಾರಾದರೊಬ್ಬರು ಫೋನ್ ತೆಗೆದು ಆ ವಿಡಿಯೋ ತೋರಿಸುತ್ತಾರೆ. ಬಾಗಿಲಿಗೆ ಜೋತುಬಿದ್ದ ಜನ, ಗಾಡಿ ನಿಲ್ಲುವ ಮೊದಲೇ ಒಳಗೆ ಹಾರುವವರು, ಇಳಿಯಲಾಗದೆ ಕೂಗುವವರು. ಅದನ್ನು ನೋಡಿ ಅತ್ತೆ "ನೀವು ಹೋಗಿ ಬನ್ನಿ, ನಾನು ರೂಮಿನಲ್ಲೇ ಇರ್ತೀನಿ" ಅಂದುಬಿಡುತ್ತಾರೆ. ಅದಕ್ಕೇ ಈ ಸಲ ಬೇರೆಲ್ಲ ಚಿಕ್ಕದಾಗಿ ಹೇಳಿ, ಈ ಭಯವನ್ನು ಮಾತ್ರ ಬಿಡಿಸಿ ಬರೆಯುತ್ತೇನೆ.

ಆ ವಿಡಿಯೋ ಸುಳ್ಳಲ್ಲ. ಬೆಳಿಗ್ಗೆ ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಬರುವ ಫಾಸ್ಟ್ ಗಾಡಿ ಹಾಗೇ ಇರುತ್ತದೆ. ಸಂಜೆ 7ಕ್ಕೆ ದಾದರ್‌ನಲ್ಲಿ ಕಲ್ಯಾಣದ ಗಾಡಿಯೂ ಹಾಗೇ. ಮಕ್ಕಳನ್ನು ಕಟ್ಟಿಕೊಂಡು ಅವನ್ನು ಹತ್ತಿ ಅಂತ ಮುಂಬೈಯವರು ಯಾರೂ ಹೇಳುವುದಿಲ್ಲ. ಆದರೆ ಅದು ಎಷ್ಟು ಹೊತ್ತಿನ ಗಾಡಿ, ಯಾವ ಕಡೆ ಹೋಗುವ ಗಾಡಿ ಅನ್ನುವುದು ವಿಡಿಯೋದಲ್ಲಿ ಬರೆದಿರುವುದಿಲ್ಲ ಅಲ್ವಾ? ವಿಷಯ ಇರುವುದೇ ಅಲ್ಲಿ.

ನಕ್ಷೆ ಒಮ್ಮೆ ನೋಡಿ. ಮುಂಬೈ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿದ ಕಿರಿದಾದ ಊರು. ಫೋರ್ಟ್, ನರಿಮನ್ ಪಾಯಿಂಟ್ ಆಫೀಸುಗಳು ದಕ್ಷಿಣದ ತುದಿಯಲ್ಲಿವೆ. ಅಲ್ಲಿ ಕೆಲಸ ಮಾಡುವವರ ಮನೆಗಳು ಉತ್ತರದಲ್ಲಿ: ಬೊರಿವಲಿ, ವಿರಾರ್, ಠಾಣೆ, ಡೊಂಬಿವಲಿ, ಕಲ್ಯಾಣ. ಹಾಗಾಗಿ ಬೆಳಿಗ್ಗೆ 8ರಿಂದ 11ರವರೆಗೆ ಗರ್ದಿ ದಕ್ಷಿಣಕ್ಕೆ ಬರುತ್ತದೆ. ಸಂಜೆ 5ರಿಂದ ರಾತ್ರಿ 9ರವರೆಗೆ ಅದೇ ಗರ್ದಿ ಉತ್ತರಕ್ಕೆ ವಾಪಸ್ ಹೋಗುತ್ತದೆ. ನೀವು ಇದಕ್ಕೆ ಎದುರು ದಿಕ್ಕಿನಲ್ಲಿ ಹೊರಟರೆ ಕಥೆಯೇ ಬೇರೆ. ಬೆಳಿಗ್ಗೆ 9ಕ್ಕೆ ಚರ್ಚ್‌ಗೇಟ್‌ನಿಂದ ಉತ್ತರಕ್ಕೆ ಹೊರಡುವ, ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಮಕ್ಕಳಿಗೆ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ಈಗ ಬಾಂದ್ರಾ, ಅಂಧೇರಿ ಕಡೆಯೂ ಆಫೀಸುಗಳು ಬಂದಿರುವುದರಿಂದ ಅಂಧೇರಿ, ದಾದರ್, ಘಾಟ್‌ಕೋಪರ್, ಠಾಣೆ ಸ್ಟೇಷನ್‌ಗಳಲ್ಲಿ ಎರಡೂ ದಿಕ್ಕಿಗೆ ಜನ ಇರುತ್ತಾರೆ. ಬೆಳಿಗ್ಗೆ, ಸಂಜೆ ಆ ಸ್ಟೇಷನ್‌ಗಳಲ್ಲಿ ಹತ್ತಿ ಇಳಿಯುವುದನ್ನು ಬಿಡಿ. 11ರಿಂದ 4ರವರೆಗೆ ಎಲ್ಲಿಗೆ ಹೋದರೂ ಪರವಾಗಿಲ್ಲ.

ಈ ಲೋಕಲ್‌ನಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಓಡಾಡುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ಗಾಡಿಗಳು ಓಡುತ್ತವೆ. ಅದರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ತುಂಬು ಗರ್ಭಿಣಿಯರಿದ್ದಾರೆ, ಆಸ್ಪತ್ರೆಗೆ ಹೊರಟ ಅಜ್ಜ ಅಜ್ಜಿಯರಿದ್ದಾರೆ. ನಿಮ್ಮ ಅತ್ತೆ ವಯಸ್ಸಿನವರು ಬ್ಯಾಗು ತುಂಬಾ ತರಕಾರಿ ಹೊತ್ತು ದಾದರ್‌ನಿಂದ ಮನೆಗೆ ಹೋಗುವುದೂ ಇದರಲ್ಲೇ. ಮೂವರ ಸೀಟಿನಲ್ಲಿ ಸ್ವಲ್ಪ ಸರಿದು ನಾಲ್ಕನೆಯವರಿಗೆ ಜಾಗ ಕೊಡುವುದು ಇಲ್ಲಿಯ ರೂಢಿ. ವಯಸ್ಸಾದವರು ನಿಂತಿದ್ದರೆ ಯಾರಾದರೂ ಎದ್ದೇ ಏಳುತ್ತಾರೆ.

ಹಾಗಂತ ಅಪಾಯವೇ ಇಲ್ಲ ಅನ್ನುತ್ತಿಲ್ಲ. ಲೋಕಲ್‌ನಲ್ಲಿ ಜನ ಸಾಯುತ್ತಾರೆ, ಅದು ನಿಜ. ಹೆಚ್ಚಿನವರು ಸಾಯುವುದು ಹಳಿ ದಾಟುವಾಗ, ಇಲ್ಲವೇ ತುಂಬಿದ ಗಾಡಿಯ ಬಾಗಿಲಿನಿಂದ ಬಿದ್ದು. ಎರಡೂ ನಿಮ್ಮ ಕೈಯಲ್ಲೇ ಇರುವ ಸಂಗತಿ. ಎಷ್ಟೇ ಮೆಟ್ಟಿಲಿದ್ದರೂ ಸೇತುವೆ ಹತ್ತಿಯೇ ದಾಟಿ. ಬಾಗಿಲ ಬಳಿ ಮಕ್ಕಳನ್ನು ನಿಲ್ಲಿಸಬೇಡಿ, ಗಾಡಿ ಖಾಲಿ ಇದ್ದರೂ ಬೇಡ. ಹೊರಟ ಗಾಡಿಯ ಹಿಂದೆ ಓಡಬೇಡಿ, ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಬರುತ್ತದೆ. ಪ್ಲಾಟ್‌ಫಾರ್ಮ್‌ಗೂ ಗಾಡಿಗೂ ನಡುವೆ ಸಂದು ಇರುತ್ತದೆ, ಅಲ್ಲಿ ಅತ್ತೆಯ ಕೈ ಹಿಡಿದುಕೊಳ್ಳಿ.

ಈ ಭಯದ ಜೊತೆಗೆ ಎರಡು ಅರೆಬರೆ ಸಲಹೆಗಳೂ ಅಂಟಿಕೊಂಡು ಬರುತ್ತವೆ. ಒಂದು, "ಫಸ್ಟ್ ಕ್ಲಾಸ್ ತಗೊಳ್ಳಿ, ಆಗ ಏನೂ ತೊಂದರೆ ಇಲ್ಲ." ಗರ್ದಿ ಹೊತ್ತಿನಲ್ಲಿ ಫಸ್ಟ್ ಕ್ಲಾಸೂ ತುಂಬಿ ತುಳುಕುತ್ತದೆ. ಗರ್ದಿ ಇಲ್ಲದ ಹೊತ್ತಿನಲ್ಲಿ ಸೆಕೆಂಡ್ ಕ್ಲಾಸೇ ಸಾಕು, ಅಲ್ಲಿ ಕನಿಷ್ಠ ಟಿಕೆಟ್ 5 ರೂಪಾಯಿ. ಜಾಸ್ತಿ ದುಡ್ಡು ಕೊಡುವುದೇ ಆದರೆ ಎಸಿ ಲೋಕಲ್‌ಗೆ ಕೊಡಿ. 2017ರ ಡಿಸೆಂಬರ್‌ನಿಂದ ಓಡುತ್ತಿರುವ ಈ ಗಾಡಿಗಳ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಟಿಕೆಟ್ ಬೇರೆ, ಮಾಮೂಲಿ ಟಿಕೆಟ್ ಹಿಡಿದು ಹತ್ತಿದರೆ ದಂಡ ಬೀಳುತ್ತದೆ.

ಇನ್ನೊಂದು ಸಲಹೆ ಇದಕ್ಕಿಂತ ಕೆಟ್ಟದ್ದು: "ಹೆಂಗಸರು ಮಕ್ಕಳು ಲೇಡೀಸ್ ಡಬ್ಬಾಕ್ಕೆ ಹೋಗಲಿ, ಗಂಡಸರು ಜನರಲ್‌ಗೆ." ಒಬ್ಬಳೇ ಓಡಾಡುವಾಗ ಲೇಡೀಸ್ ಡಬ್ಬಾದಂಥ ಅನುಕೂಲ ಇನ್ನೊಂದಿಲ್ಲ, ನನ್ನ ದಿನನಿತ್ಯದ ಓಡಾಟವೆಲ್ಲ ಅದರಲ್ಲೇ. ಆದರೆ ಊರು ಗೊತ್ತಿಲ್ಲದ ಸಂಸಾರ ಎರಡು ಡಬ್ಬಾಗಳಿಗೆ ಹಂಚಿಹೋಗಬಾರದು. ಗಾಡಿ ಸ್ಟೇಷನ್‌ನಲ್ಲಿ ಅರ್ಧ ನಿಮಿಷ ನಿಂತರೆ ಹೆಚ್ಚು. ಒಬ್ಬರು ಇಳಿದು ಇನ್ನೊಬ್ಬರು ಒಳಗೇ ಉಳಿದರೆ ರಜೆಯ ಖುಷಿಯೆಲ್ಲ ಅಲ್ಲಿಗೆ ಮುಗಿಯಿತು. ಐದೂ ಜನ ಒಂದೇ ಜನರಲ್ ಡಬ್ಬಾ ಹತ್ತಿ. ಹತ್ತುವ ಮೊದಲು ಮಕ್ಕಳಿಗೆ ಒಂದು ಮಾತು ಬಾಯಿಪಾಠ ಮಾಡಿಸಿ: ಯಾರಾದರೂ ಒಳಗೇ ಉಳಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು, ಇಳಿದ ಜಾಗದಲ್ಲೇ ನಿಲ್ಲಬೇಕು. ಮಿಕ್ಕವರು ಹಿಂದೆ ಬರುವ ಗಾಡಿಯಲ್ಲಿ ಅಲ್ಲಿಗೇ ಬರುತ್ತಾರೆ. ಸ್ಲೋ ಗಾಡಿಯಲ್ಲೇ ಹೋಗಿ ಅನ್ನುವುದಕ್ಕೆ ಇದೂ ಒಂದು ಕಾರಣ. ಫಾಸ್ಟ್ ಆದರೆ ಮುಂದಿನ ಸ್ಟೇಷನ್ ಎಷ್ಟೋ ದೂರ ಇರಬಹುದು.

ಮೊದಲ ಸವಾರಿಗೆ ನಾನು ಹೇಳುವುದು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬೈಕುಲಾಕ್ಕೆ. ಮೂರೇ ಸ್ಟೇಷನ್: ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಬೈಕುಲಾ. ಸಿಎಸ್‌ಎಂಟಿ ಕೊನೆಯ ನಿಲ್ದಾಣ. ಬಂದ ಗಾಡಿ ಪೂರ್ತಿ ಖಾಲಿಯಾಗಿ ಕೆಲವು ನಿಮಿಷ ನಿಂತು, ಆಮೇಲೆ ಹೊರಡುತ್ತದೆ. ಇಳಿಯುವವರನ್ನು ಇಳಿಯಲು ಬಿಟ್ಟು ನಿಧಾನವಾಗಿ ಹತ್ತಿ ಕೂತುಕೊಳ್ಳಬಹುದು. ಮೇಲೆ ತೂಗುವ ಇಂಡಿಕೇಟರ್‌ನಲ್ಲಿ ಗಾಡಿ ಎಲ್ಲಿಗೆ, ಎಷ್ಟು ಹೊತ್ತಿಗೆ, ಸ್ಲೋ ಅಥವಾ ಫಾಸ್ಟ್, ಎಷ್ಟು ಡಬ್ಬಾ ಅನ್ನುವುದೆಲ್ಲ ಬರುತ್ತದೆ. 'ಎಸ್' ಅಂದರೆ ಸ್ಲೋ, 'ಎಫ್' ಅಂದರೆ ಫಾಸ್ಟ್. ಇದನ್ನು ಓದುವ ಕೆಲಸ ಹನ್ನೊಂದು ವರ್ಷದ ಮಗುವಿಗೆ ಕೊಡಿ. ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಗಾಡಿ ಸ್ಯಾಂಡ್‌ಹರ್ಸ್ಟ್ ರೋಡ್ ಬಿಡುತ್ತಿದ್ದಂತೆ ಎದ್ದು ಬಾಗಿಲ ಕಡೆ ಬನ್ನಿ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ, ಕೈ ಮಾಡಿ ತೋರಿಸುತ್ತಾರೆ. ಮುಂದೆ ನಿಂತವರು ಇಲ್ಲೇ ಇಳಿಯುತ್ತಾರಾ ಅಂತಲೂ ಕೇಳಬೇಕು. ಇಳಿಯುವುದಿಲ್ಲ ಅಂದರೆ ಅವರು ಪಕ್ಕಕ್ಕೆ ಸರಿದು ನಿಮ್ಮನ್ನು ಮುಂದೆ ಬಿಡುತ್ತಾರೆ. ಹೊರಗಿನವರಿಗೆ ನೂಕುನುಗ್ಗಲಾಗಿ ಕಾಣುವ ಈ ಊರಿನಲ್ಲಿ ಇಷ್ಟು ಅಚ್ಚುಕಟ್ಟು ಇದೆ. ಬೋರ್ಡಿನ ಮೇಲೆ ಮರಾಠಿಯಲ್ಲಿ 'ಭಾಯಖಳಾ' ಅಂತಿರುತ್ತದೆ, ಗಾಬರಿ ಬೀಳಬೇಡಿ, ಅದೇ ಬೈಕುಲಾ.

ಇಳಿದರೆ ಪೂರ್ವಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ರಾಣಿ ಬಾಗ್. ಪ್ರಾಣಿಸಂಗ್ರಹಾಲಯ, ಹಂಬೋಲ್ಟ್ ಪೆಂಗ್ವಿನ್, ಪಕ್ಕದಲ್ಲೇ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. ಬುಧವಾರ ರಜೆ. ನೀವು ಕಾರು ಮಾಡಿದ್ದರೆ ಇದೇ ದಾರಿಯಲ್ಲಿ ಎಷ್ಟು ಸಿಗ್ನಲ್‌ಗಳಲ್ಲಿ ನಿಲ್ಲಬೇಕಿತ್ತು, ಆಮೇಲೆ ಗಾಡಿ ಎಲ್ಲಿ ನಿಲ್ಲಿಸಬೇಕಿತ್ತು ಯೋಚಿಸಿ. ಬಾಡಿಗೆ ಕಾರಿನ ಡ್ರೈವರ್ ನಿಮ್ಮನ್ನು ಗೇಟ್‌ವೇ ಹತ್ತಿರ ಇಳಿಸಿ, ಪಾರ್ಕಿಂಗ್ ಸಿಗದೆ ಸುತ್ತುತ್ತಲೇ ಇರುತ್ತಾನೆ. ವಾಪಸ್ ಅವನನ್ನು ಹುಡುಕಲು ಅರ್ಧ ಗಂಟೆ ಬೇಕು. ಹತ್ತಿರದ ದೂರಕ್ಕೆ ಕಪ್ಪು ಹಳದಿ ಟ್ಯಾಕ್ಸಿ ಇದೆ, ಮೀಟರ್ ಹಾಕಿಸಿ. ಆಟೋ ಹುಡುಕಬೇಡಿ. ಬಾಂದ್ರಾ, ಸಾಯನ್‌ನಿಂದ ದಕ್ಷಿಣಕ್ಕೆ ಆಟೋ ಓಡಿಸಲು ಬಿಡುವುದಿಲ್ಲ.

ಉಳಿಯುವುದು ಸಿಎಸ್‌ಎಂಟಿ, ಫೋರ್ಟ್ ಸುತ್ತಮುತ್ತಲೇ ಆಗಲಿ. ರೂಮು ಚಿಕ್ಕದು, ಬಾಡಿಗೆ ಸ್ವಲ್ಪ ಜಾಸ್ತಿ. ಆದರೂ ಅದೇ ಲಾಭ. ದೂರದ ಉಪನಗರದಲ್ಲಿ ಅಗ್ಗದ ರೂಮು ಹಿಡಿದವರು ಬೆಳಿಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ, ಅಂದರೆ ಎರಡೂ ಹೊತ್ತು ಗರ್ದಿ ಜೊತೆಗೇ ಹೋಗಬೇಕಾಗುತ್ತದೆ. ಊರಿಗೆ ಹೋಗಿ "ಲೋಕಲ್ ಬೇಡವೇ ಬೇಡ" ಅನ್ನುವವರಲ್ಲಿ ಬಹಳ ಜನ ಇವರೇ. ಬಂದಿಳಿಯುವ ದಿನವೂ ಅಷ್ಟೇ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೇ ಬರುತ್ತದೆ. ಮಂಗಳೂರಿನ ಮತ್ಸ್ಯಗಂಧ ಆದರೆ ಕುರ್ಲಾದ ಎಲ್‌ಟಿಟಿ (ಲೋಕಮಾನ್ಯ ತಿಲಕ್ ಟರ್ಮಿನಸ್), ಅಲ್ಲಿಂದ ಪೆಟ್ಟಿಗೆ ಚೀಲ ಹೊತ್ತು ಲೋಕಲ್ ಹತ್ತಬೇಡಿ, ಟ್ಯಾಕ್ಸಿ ಹಿಡಿಯಿರಿ.

ಮೊದಲ ದಿನ ಟ್ರೈನೇ ಬೇಡ, ನಡೆದೇ ನೋಡಿ. ಸಿಎಸ್‌ಎಂಟಿ ಕಟ್ಟಡವನ್ನು ಎದುರಿನ ಫುಟ್‌ಪಾತಿನಿಂದ ಕಣ್ತುಂಬಾ ನೋಡಿ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿದ್ದು ಇಲ್ಲೇ ಹತ್ತಿರದ ಬೋರಿ ಬಂದರ್‌ನಿಂದ. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಕುರ್ಲಾಕ್ಕೆ ಹೊರಟಿದ್ದು ಇದೇ ಸ್ಟೇಷನ್‌ನಿಂದ. ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಿ, ಮರೆಯುವುದಿಲ್ಲ. ಅಲ್ಲಿಂದ ಫೋರ್ಟ್, ಛತ್ರಪತಿ ಶಿವಾಜಿ ಮ್ಯೂಸಿಯಂ, ಗೇಟ್‌ವೇ, ಸಂಜೆಗೆ ಮರೀನ್ ಡ್ರೈವ್.

ಎರಡನೇ ದಿನ ಎಲಿಫೆಂಟಾ, ಅಂದರೆ ಘಾರಾಪುರಿ ದ್ವೀಪದ ಗುಹೆಗಳು. ಸೋಮವಾರ ರಜೆ ಅನ್ನುವುದು ನೆನಪಿರಲಿ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಲೈಫ್ ಜಾಕೆಟ್ ಹಾಕಿಕೊಂಡೇ ಕೂರಿ. ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಅತ್ತೆಗೆ ಆಗದಿದ್ದರೆ ಡೋಲಿ ಸಿಗುತ್ತದೆ. ನಮ್ಮ ಐಹೊಳೆ ಶಾಸನದಲ್ಲಿ, 634ರಲ್ಲಿ, ಇಮ್ಮಡಿ ಪುಲಕೇಶಿ ಗೆದ್ದ 'ಪುರಿ'ಯನ್ನು ಪಶ್ಚಿಮ ಸಮುದ್ರದ ಲಕ್ಷ್ಮಿ ಅಂತ ಹೊಗಳಿದ್ದಾರೆ. ಅದು ಈ ಘಾರಾಪುರಿ ದ್ವೀಪವೇ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಬಾದಾಮಿ ನೋಡಿದ ಮಕ್ಕಳಾದರೆ ಇಲ್ಲಿಯ ಗುಹೆಯೊಳಗೆ ನಿಂತಾಗ ತಾವೇ ಹೋಲಿಸಿ ನೋಡುತ್ತಾರೆ.

ಸಿದ್ಧಿವಿನಾಯಕನ ದರ್ಶನಕ್ಕೆ ಈಗ ಮೆಟ್ರೋ ಇದೆ. ಆರೆಯಿಂದ ಕಫ್ ಪರೇಡ್‌ವರೆಗಿನ ನೆಲದಡಿಯ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾಯಿತು. ಸಿಎಸ್‌ಎಂಟಿಯಲ್ಲಿ ಹತ್ತಿದರೆ ಸಿದ್ಧಿವಿನಾಯಕ ಅನ್ನುವ ಸ್ಟೇಷನ್‌ನಲ್ಲೇ ಇಳಿಯಬಹುದು. ಮಂಗಳವಾರ ಮಾತ್ರ ಕ್ಯೂ ಬಹಳ ಉದ್ದ ಇರುತ್ತದೆ.

ಭಾನುವಾರದ ಬಗ್ಗೆ ಒಂದು ಮಾತು. ಅವತ್ತು ಆಫೀಸು ಗರ್ದಿ ಇರುವುದಿಲ್ಲ, ಆದರೆ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲವು ಮಾರ್ಗಗಳಲ್ಲಿ ಗಾಡಿ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಶನಿವಾರ ಸಂಜೆಯೇ ಯಾವ ಮಾರ್ಗದಲ್ಲಿ ಬ್ಲಾಕ್ ಇದೆ ಅಂತ ನೋಡಿಕೊಳ್ಳಿ.

ಇನ್ನು ಯಾರೂ ಕೇಳದ ಒಂದು ವಿಷಯ. ಮೂರನೇ ದಿನ ಬೈಕುಲಾ ನೋಡಿ ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ. ವಾಪಸ್ ಬರುವ ಬದಲು ಅದೇ ಸ್ಲೋ ಮಾರ್ಗದಲ್ಲಿ ಮುಂದಕ್ಕೆ ಹೋಗಿ: ಚಿಂಚ್‌ಪೋಕ್ಲಿ, ಕರೀ ರೋಡ್, ಪರೇಲ್, ದಾದರ್, ಮಾಟುಂಗ. ಮುಂಬೈಗೆ ಬರುವ ಕನ್ನಡಿಗರು ವಡಾಪಾವ್ ಹುಡುಕುತ್ತಾರೆ, ಮಾಟುಂಗ ನೋಡದೆ ಹೋಗುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ದಕ್ಷಿಣ ಕನ್ನಡ, ಉಡುಪಿಯಿಂದ ಬರಿಗೈಯಲ್ಲಿ ಬಂದವರು ಇಲ್ಲಿ ಹೋಟೆಲ್ ಕಟ್ಟಿ, ಇಡೀ ಊರಿಗೆ ಇಡ್ಲಿ ದೋಸೆ ರೂಢಿ ಮಾಡಿಸಿದರು. ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲೇ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿದೆ. ಬಾಳೆ ಎಲೆ ಊಟ ಕೇಳಿ. ಎರಡು ದಿನದಿಂದ ಹೊರಗಿನ ತಿಂಡಿ ತಿಂದ ಅತ್ತೆಗೆ ಅಲ್ಲಿಯ ಸಾರು, ಅನ್ನ ಹಿತವಾಗುತ್ತದೆ. 1926ರಲ್ಲಿ ಶುರುವಾದ ಕನ್ನಡಿಗರ ಸಂಘ, ಮೈಸೂರು ಅಸೋಸಿಯೇಷನ್ ಕೂಡ ಮಾಟುಂಗದಲ್ಲೇ ಇದೆ. ಸ್ಟೇಷನ್‌ನಲ್ಲೂ ಒಂದು ವಿಶೇಷ ಇದೆ: 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಗೆ ವಹಿಸಿದ ಸ್ಟೇಷನ್ ಇದು. ಮಗಳಿದ್ದರೆ ತೋರಿಸಿ.

ಒಂದೇ ಎಚ್ಚರ. 'ಮಾಟುಂಗ' ಸೆಂಟ್ರಲ್ ಮಾರ್ಗದಲ್ಲಿದೆ, 'ಮಾಟುಂಗ ರೋಡ್' ವೆಸ್ಟರ್ನ್ ಮಾರ್ಗದಲ್ಲಿದೆ. ಎರಡೂ ಬೇರೆ ಬೇರೆ ಸ್ಟೇಷನ್. ಚರ್ಚ್‌ಗೇಟ್‌ನಿಂದ ಹೊರಟರೆ ನೀವು ಇಳಿಯುವುದು ಎರಡನೆಯದರಲ್ಲಿ, ಅಲ್ಲಿಂದ ಊಟಕ್ಕೆ ಬಿಸಿಲಲ್ಲಿ ನಡೆಯಬೇಕಾಗುತ್ತದೆ. ಸೆಂಟ್ರಲ್ ಮಾರ್ಗದ ಫಾಸ್ಟ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯೇ ಆಗಬೇಕು. ಇಳಿದ ಮೇಲೆ ಪೂರ್ವದ ಕಡೆ ಹೊರಗೆ ಬನ್ನಿ.